ನೂರು ಎಂ.ಎಲ್.

ಗೋಣಿಕೊಪ್ಪದ ಸ್ಟುಡಿಯೋದವ “ನಗಬೇಡಿ” ಎಂದ,
ಪಾಸ್‌ಪೋರ್ಟಿಗೆ ಹಲ್ಲು ಕಾಣಬಾರದಂತೆ.
ಪಿಯುಸಿ ಪಾಸಾದ ವಾರದಲ್ಲಿ ದೇಚು ಸುಮ್ಮನಿರುವುದುಂಟೇ?
ನಾಲ್ಕನೇ ಸಲ ಒಳಗೆನ್ನೆ ಕಚ್ಚಿಕೊಂಡು ಕೂತಳು.

ಜೀಪು ಮಾರಿದ ದುಡ್ಡಲ್ಲಿ ಶ್ರೀಲಂಕಾ, ಐದು ದಿನ.
(ಕೊಟ್ಟ ದಿನ ಹಾರ್ನು ಒಮ್ಮೆ ಒತ್ತಿ ಬಂದೆ.)
ಅವ್ವ ಮೊದಲು ಚೀಲಕ್ಕಿಟ್ಟಿದ್ದು ಸೀರೆಯಲ್ಲ,
ಕಾಚಂಪುಳಿ ಬಾಟಲಿ.
“ಅವರ ಸಾರಿಗೆ ಹುಳಿ ಹೇಗೋ ಏನೋ.”

ವಿಮಾನ ನಿಲ್ದಾಣದ ಹುಡುಗ ಬೆಳಕಿಗೆ ಹಿಡಿದ:
“ಏನಜ್ಜಿ ಇದು, ಡಾಂಬರಿನ ಹಾಗೆ?”
“ನೆಕ್ಕಿ ನೋಡು, ಮಗ.”
ನೂರು ಎಂ.ಎಲ್. ಮೀರಿತ್ತು. ಕಸದ ಡಬ್ಬಕ್ಕೆ ಬಿತ್ತು.
ಕಿಟಕಿಯ ಸೀಟು ಬಿಟ್ಟುಕೊಟ್ಟರೂ ಅವ್ವ ಹೊರಗೆ ನೋಡಲಿಲ್ಲ:
“ಮೋಡ ತಾನೇ, ನಮ್ಮಲ್ಲಿಲ್ಲವಾ?”

ದೇಚುವಿಗೆ ಕಡಲು ಬೇಕಿತ್ತು, ಸಿಕ್ಕಿತು;
ಮೊಣಕಾಲವರೆಗೆ ಇಳಿದು, ಅಲೆಗೆ ಬೈದು, ಮತ್ತೆ ಇಳಿದಳು.
ಅವ್ವನಿಗೆ ಸಿಕ್ಕಿದ್ದು ಮೂರನೇ ದಿನ, ಗಾಲೆಯ ದಾರಿಯ ಮನೆಯೂಟದಲ್ಲಿ.
ಮೀನಿನ ಕಪ್ಪು ತುಂಡು ಬಾಯಿಗಿಟ್ಟು
ಅಗಿಯುವುದನ್ನೇ ನಿಲ್ಲಿಸಿದಳು.
ಎದ್ದು ಎಂಜಲು ಕೈಯಲ್ಲೇ ಒಳಗೆ ನುಗ್ಗಿದಳು.
ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರು ಮುದುಕಿಯರು
ಒಂದೇ ಮಡಕೆಗೆ ಮೂಗು ಹಾಕಿ ನಿಂತಿದ್ದರು.
ದೇಚು ಫೋನು ತಿಕ್ಕಿ ಕೂಗಿದಳು,
“ತಾಯೀ, ಅದೇ ಹಣ್ಣು! ನಮ್ಮ ಪಣಪುಳಿ!”
“ನನಗೆ ಹೇಳ್ತೀಯಾ” ಎಂದಳು ಅವ್ವ, ಬಗ್ಗಿದಲ್ಲಿಂದಲೇ.

ಈಗ ಜೂನ್. ನಾಳೆ ಮೊದಲ ಬಸ್ಸಿಗೆ
ದೇಚು ಮೈಸೂರಿನ ಹಾಸ್ಟೆಲಿಗೆ.
ಮಿಕ್ಕ ಪಾಸ್‌ಪೋರ್ಟ್ ಫೋಟೋ, ಆ ನಗದ ಮುಖ, ಅರ್ಜಿಗೆ ಅಂಟಿತು.
ಅಡುಗೆಮನೆಯಲ್ಲಿ ಅವ್ವ
ಕೆಮ್ಮಿನ ಔಷಧದ ಸೀಸೆಗಳನ್ನು ತೊಳೆದು ಸಾಲಾಗಿಟ್ಟು
ಕಾಚಂಪುಳಿ ಸುರಿಯುತ್ತಿದ್ದಾಳೆ,
ಗೀಟಿಗೆ ಕಣ್ಣು ಹಚ್ಚಿ, ನೂರು ದಾಟದಂತೆ.
ಬಸ್ಸಿನಲ್ಲಿ ಯಾರೂ ಅಳೆಯುವುದಿಲ್ಲ ಅವ್ವ, ಎಂದೆ.
“ನಿನಗೇನು ಗೊತ್ತು” ಎಂದು
ಐದನೆಯದರ ಮುಚ್ಚಳ ತಿರುಪಿದಳು.