ಸಾಯಬಣ್ಣ ತಂದೆ ಮರೆಪ್ಪ

ಹೆಸರು, ಅಂತು ಕಿಟಕಿ.
ಮುಖ ಕಾಣ್ಸಲಿಲ್ಲ, ಜಾಳಿಗಿ ಅಡ್ಡ.
ಸಾಯಬಣ್ಣ ಅಂದೆ. ತಂದಿ ಮರೆಪ್ಪ. ಊರು ಶಾಬಾದ.
ಹನ್ನೊಂದು ಮಂದಿ ಸಾಬಣ್ಣ ಅದಾರ,
ಯಾವ ಸಾಬಣ್ಣ ಬೇಕು ನಿನಗ?

ಬಜಾರದಾಗ ಬದನಿಕಾಯಿ ಕೇಳ್ದಂಗ ಕೇಳ್ದ.

ಸಾಬಣ್ಣ ಅಲ್ರೀ, ಸಾಯಬಣ್ಣ. ನಡುವ ಯ ಅದ.
ಮೂರು ಕೂಸು ಮಣ್ಣಿಗಿಟ್ಟ ಮ್ಯಾಲ ನಮ್ಮವ್ವ
ದರ್ಗಾಕ್ಕ ಸೆರಗೊಡ್ಡಿ ಹಡದಾಳ ಅವನ್ನ,
ಸಾಯಬರ ಹೆಸರಿಗೆ ನಮ್ಮ ಅಣ್ಣ ಹಚ್ಚೀವಿ.
ಇದನ್ನೆಲ್ಲ ಹೇಳಲಿಲ್ಲ ನಾ. ಹಿಂದ ಪಾಳಿ ಇತ್ತು,
ಒಬ್ಬಾಕಿ ಕೂಸಿಗೆ ಮೊಲಿ ಕೊಡ್ಕೋತ ನಿಂತಿದ್ಳು.

ಮರೆಪ್ಪ ಅನ್ನೋ ತಂದಿ ಯಾರೂ ಇಲ್ಲ.
ಮರಿಯಪ್ಪ ಇಬ್ರು ಅದಾರ. ಮಾರುತೆಪ್ಪ ಒಬ್ಬ.

ಆರು ದಿನ ಆತು ನಾ ತಿರಗಲಾಕ ಹತ್ತಿ.
ಠಾಣೆದವ್ರು ಅಂದ್ರು, ಕೋರ್ಟಿಗೆ ಕಳಿಸೀವಿ.
ಕೋರ್ಟಿನ ಮೆಟ್ಟಲ ಮ್ಯಾಲ ಕರಿ ಕೋಟಿನವ ಅಂದ,
ಜೇಲಿಗೆ ಹೋಗ್ಯಾನ. ಕಲಬುರಗಿ ಇರಬೇಕು,
ಬೀದರ ಇದ್ರೂ ಇರಬಹುದು.
ಅಂದು ಚಾ ಕುಡದ. ರೊಕ್ಕ ನಾ ಕೊಟ್ಟೆ.

ಗೇಟಿನ ಮುಂದ ಬೇವಿನ ಬುಡಕ
ಅರ್ಜಿ ಬರಿಯೋ ಮಸ್ತಾನಚಾಚಾ ಕುಂದರ್ತಾನ.
ಮಾಹಿತಿ ಹಕ್ಕಿನ್ಯಾಗ ಹಾಕೂಣೇನು ಬೇಟಿ?
ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನನ್ನ ಕೈ ಇಪ್ಪತ್ತು,
ಮೂವತ್ತು ದಿನದಾಗ ಉತ್ತರ ಬರ್ತದ.
ಮೂವತ್ತು ದಿನದಾಗ ನಾ ಒಂದು ಲಾರಿ
ಫರಶಿ ಪಾಲಿಶ್ ಮಾಡ್ತೀನಿ ಚಾಚಾ, ಅಂದೆ.
ನಕ್ಕ. ಹಂಗಾದ್ರ ಕಿಟಕಿಗೇ ಹೋಗು.
ತಂದಿ ಹೆಸರು ಕೂಡ್ಲಿಲ್ಲಂದ್ರ ಮೈ ಮ್ಯಾಲಿನ ಗುರ್ತು ಹೇಳು,
ಅದನ್ನ ಮಾತ್ರ ತಪ್ಪ ಬರಿಯಲ್ಲ ಅವ್ರು.

ಎಡಗಾಲ ಹೆಬ್ಬೆರಳು ಅರ್ಧ ಅದ್ರೀ, ಅಂದೆ ಕಿಟಕಿಗೆ.

ಹಾಳಿ ತಿರುವೋ ಸಪ್ಪಳ. ಫ್ಯಾನಿನ ಸಪ್ಪಳ.
"ಎಡಗಾಲಿನ ಹೆಬ್ಬೆರಳಿನ ತುದಿ ಇರುವುದಿಲ್ಲ."
ಪುಸ್ತಕದ ಮಾತಿನ್ಯಾಗ ಓದ್ದ.
ಇರುವುದಿಲ್ಲ, ಅಷ್ಟ.
ಎಲ್ಲಿ ಹೋತು ಅಂತ ಬರದಿಲ್ಲ.

ನಾ ಹನ್ನೆರಡು, ಅವ ಒಂಬತ್ತು.
ಮಾಲಕ ಬರ್ತಾನಂತ ಅವಸರದಾಗ
ಎರಡು ಫೂಟಿನ ಕಲ್ಲಿನ ಒಂದು ತುದಿ ನಾ ಹಿಡದಿದ್ದೆ.
ಬಿಟ್ಟೆ.
ತಾನೇ ಎಡವಿದೆ ಅಂತ ಅವ್ವಗ ಹೇಳ್ದ.
ಇಲ್ಲೂ ಅದನ್ನೇ ಹೇಳಿರ್ತಾನ, ಯಾರರ ಕೇಳಿದ್ರ.

ಅವ ಸೋಮವಾರನೇ ಬಿಡುಗಡಿ ಆಗ್ಯಾನಲ್ಲ ಬೇ,
ಅಂತು ಕಿಟಕಿ. ಜಾಮೀನು ಆಗ್ಯದ.
ಇವತ್ತು ಶುಕ್ರವಾರ.
ಮನಿಗೆ ಬಂದಿಲ್ರೀ.
ಅದು ನಮ್ಮ ಕಡಿ ಬರಲ್ಲ.
ಜಾಮೀನು ಯಾರು ಕೊಟ್ರು? ಒಂದು ಹೆಸರು ಓದ್ದ.
ಹುಟ್ಟಿದಾಗಿಂದ ನಾ ಕೇಳಿಲ್ಲದ ಹೆಸರು.

ಇನ್ನೇನು ಕೇಳೋದು ತಿಳೀಲಿಲ್ಲ.
ಕಾಲಾಗ ಚಪ್ಲಿ ಇದ್ದುವೇನ್ರಿ, ಅಂದೆ.

ಹಿಂದಿನಾಕಿ ಸುದ್ದಾ ಸುಮ್ಮನಾದ್ಳು.
ಮತ್ತೊಂದು ಪುಸ್ತಕ ತೆಗೆದ ಅವ, ಉಗುಳು ಹಚ್ಚಿ ತಿರುವಿದ.
ಚಪ್ಪಲಿ ಒಂದು ಜೊತೆ. ಬೆಲ್ಟು ಒಂದು.
ನಗದು ನಲವತ್ತೆರಡು ರೂಪಾಯಿ. ಪಡೆದುಕೊಂಡಿದ್ದೇನೆ.
ಯಾಕೋ ಏನೋ, ಜಾಳಿಗಿ ಕೆಳಗಿಂದ
ಪುಸ್ತಕ ನನ್ನ ಕಡಿ ತಿರುಗಿಸಿದ.

ನೀಲಿ ಮಸಿ. ಸಾಯಬಣ್ಣ.
ಯ ದ ಬಾಲ ಗೆರಿ ದಾಟಿ ಕೆಳಗಿನವನ ಹೆಸರಿಗೆ ಬಡದದ.
ಕಡಪಾ ಕಲ್ಲಿನ ಮ್ಯಾಲ ಸುಣ್ಣದ ಕಡ್ಡೀಲೆ
ನಾ ಕಲಿಸಿದ ಯ,
ಇಷ್ಟು ದೊಡ್ಡ ಜೇಲಿನ್ಯಾಗ ಇದೊಂದು ಕಡಿ.

ನಲವತ್ತೆರಡು. ಶಾಬಾದಕ್ಕ ಟಿಕೀಟು ಆಗ್ತದ,
ಆದ್ರ ಚಾ ಕುಡದಿದ್ರ ಆಗಲ್ಲ.

ಚೀಲದಾಗ ಸಬಕಾರ ಅದ, ರೊಟ್ಟಿ ಅದ, ಶೇಂಗಾ ಹಿಂಡಿ ಅದ.
ಅವನ ಎಡಚಪ್ಲಿ ಮುಂದ ಸವಿಯಲ್ಲ,
ಹಿಮ್ಮಡ ಅಷ್ಟೇ ಸವೀತದ, ಧೂಳಿನ್ಯಾಗ ಗೊತ್ತಾಗ್ತದ.
ಗೇಟಿನ ಹೊರಗ ಬಗ್ಗಿ ನೋಡಲಾಕ ಹತ್ತೀನಿ,
ನಾಕು ದಿನದ ಬಸ್ಸು, ಆಟೋ, ಮಂದಿ
ಎಲ್ಲಾ ತುಳದ ಮ್ಯಾಲ.