ಕಿವಿಗೊಂದು ಕೆಲಸ

ದುರ್ಗಿಗುಡಿಯ ಓಣಿಯಲ್ಲಿ ನನ್ನ ಹೊಲಿಗೆ ಮಿಷನ್ನು.
ಅದು ಸದ್ದು ಮಾಡುತ್ತದಂತೆ; ನನಗೆ ಗೊತ್ತಿರುವುದು
ಪಾದಕ್ಕೆ ಏರುವ ನಡುಕ ಮಾತ್ರ.

ಹುಟ್ಟಿದಾಗಿನಿಂದ ಕಿವಿ ಸುಮ್ಮನೆ ಕೂತಿತ್ತು,
ಓಲೆ ತೂಗಿಸಿಕೊಳ್ಳುವುದು ಬಿಟ್ಟರೆ ಕೆಲಸವಿಲ್ಲ.
ಈಗ ನೋಡಿ, ಇಲಾಸ್ಟಿಕ್ ಹೊತ್ತು
ಮುಂಜಾನೆಯಿಂದ ದುಡಿಯುತ್ತಿದೆ.

ನಾನು ತುಟಿ ಓದುವವಳು.
ಅಪ್ಪ, ಅಮ್ಮ, ಅಬ್ಬ – ತುಟಿಯ ಮೇಲೆ ಮೂರೂ ಒಂದೇ,
ಹಣೆ ನೋಡಿ ಬಿಡಿಸಿಕೊಳ್ಳುತ್ತಿದ್ದೆ.
ಎಲೆ ಜಗಿಯುವ ಬಾಯನ್ನೂ
ಗುಂಡುಸೂಜಿ ಕಚ್ಚಿದ ಬಾಯನ್ನೂ ಓದಿದ್ದೇನೆ.

ಮಾರ್ಚಿನಿಂದ ರವಿಕೆ ಯಾರಿಗೂ ಬೇಡ.
ಉಳಿದ ತುಂಡೆಲ್ಲ ಮಾಸ್ಕು, ಒಂದಕ್ಕೆ ಹದಿನೈದು.
ಲೈನಿಂಗ್ ಸೇರಿ ಮೂರು ಪದರ, ಮೂಗಿನ ಕೆಳಗೆ ಮೂರು ನೆರಿಗೆ.
ನಾನು ಓದುವ ಪುಸ್ತಕಗಳಿಗೆಲ್ಲ
ನಾನೇ ರಟ್ಟು ಹಾಕಿ ಮುಚ್ಚಿದೆ.

ಗೋಪಿ ಸರ್ಕಲ್ಲಿನಲ್ಲಿ ಪೊಲೀಸಪ್ಪ ಏನೋ ಕೇಳಿದ.
ಅವನ ಮುಖದ ಮೇಲೆ ಸಾವಂತ್ರಮ್ಮನ ಹಸಿರು ರವಿಕೆಯ ಉಳಿಕೆ,
ನನ್ನದೇ ನೆರಿಗೆ.
ಬಟ್ಟೆ ಉಬ್ಬಿತು, ತಗ್ಗಿತು.
ಕಿವಿ ಮುಟ್ಟಿ ಕೈಯಾಡಿಸಿದೆ.
ಬಟ್ಟೆ ಇನ್ನೂ ಜೋರಾಗಿ ಉಬ್ಬಿತು.

ನಿನ್ನೆ ಫಿಲೋಮಿನಾ ಬಂದಳು,
ಬಾಗಿಲಾಚೆ ಆರಡಿ ದೂರ ನಿಂತು
ಮಾಸ್ಕು ಕೆಳಗೆಳೆಯಲು ಕೈ ಎತ್ತಿದಳು.
ಬೇಡ ಅಂದೆ. ಅವಳಿಗೆ ಸಕ್ಕರೆ ಕಾಯಿಲೆ.
ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಎಸೆದೆ.
ಅವಳು ಕೂತು, ಮೆಟ್ಟಿಲ ಕಲ್ಲಿನ ಮೇಲೆ
ನಿಧಾನ ಬರೆದಳು:
ಅಮ್ಮ ಹೋದ್ರು.

ಅಪ್ಪನೋ ಅಮ್ಮನೋ ಎಂದು
ಅವಳ ಹಣೆ ನೋಡಬೇಕಾಗಿರಲಿಲ್ಲ.
ಆದರೂ ನೋಡಿದೆ.