ಕೆರೆದ ತುದಿ

ಮಾಗಡಿ ರಸ್ತೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ
ತಂತಿ ಕೊಡುವುದು ತೂಕಕ್ಕೆ, ಉದ್ದಕ್ಕಲ್ಲ.
ತಕ್ಕಡಿಗೆ ಹಾಕುತ್ತ ಇಲಿಯಾಸ್ ಕೇಳಿದ:
'ಯಾವ ಪಂಪಿಗೆ ಮೇಡಂ?'
ರೇಡಿಯೋಗೆ ಅಂದೆ.
ನಗಲಿಲ್ಲ. ಅದಕ್ಕೇ ಅವನ ನಂಬರು ಬರೆದುಕೊಂಡೆ.

ಶ್ರೀರಾಮಪುರದ ನಮ್ಮ ಮಹಡಿಯಿಂದ
ಸೆಲ್ವಮೇರಿಯ ಹಿತ್ತಲ ತೆಂಗಿನವರೆಗೆ
ನೆಲದ ಮೇಲಾದರೆ ಮೂವತ್ತು ಹೆಜ್ಜೆ.
ಕಾಯಿ ಕೀಳಲು ಬಂದವನ ಸೊಂಟಕ್ಕೆ ಸಿಕ್ಕಿಸಿ
ಹಗ್ಗ ಮೇಲೆ ಕಳಿಸಿದೆ, ಜೊತೆಗೆ ಐವತ್ತು ರೂಪಾಯಿ.
ಪಿಂಗಾಣಿ ಬಿಲ್ಲೆ ಸಿಗಲಿಲ್ಲ.
ತಂತಿ ಮರಕ್ಕೆ ತಾಗದ ಹಾಗೆ ನಡುವೆ ಕಟ್ಟಿದ್ದು
ಹಲ್ಲುದುರಿದ ನನ್ನ ಬಾಚಣಿಗೆ.
ಕೆಳಗಿಂದ ಸೆಲ್ವಮೇರಿ:
'ಬಟ್ಟೆ ಒಣಗ್ಸೋಕಾ ಅಕ್ಕಾ? ನಂಗೂ ಸ್ವಲ್ಪ ಜಾಗ ಬಿಡಿ.'

ಕಿಟಕಿಯ ಸಂದಿಯಲ್ಲಿ ಒಳಗೆಳೆದು
ಏರಿಯಲ್ ಕಡ್ಡಿಗೆ ನಾಲ್ಕು ಸುತ್ತು ಸುತ್ತಿ
ಬಟ್ಟೆ ಕ್ಲಿಪ್ಪು ಕಚ್ಚಿಸಿ
ಮುಳ್ಳು ತಿರುಗಿಸಿದೆ.
ಏನೂ ಇಲ್ಲ.
ಮೊದಲಿದ್ದ ಅದೇ, ಎಣ್ಣೆ ಕಾಯುವ ಸದ್ದು.

ಟ್ರಂಕ್ ಬೋರ್ಡಿನ ಮುಂದೆ ಇಪ್ಪತ್ತಾರು ವರ್ಷ ಕೂತವಳು.
ಹುಬ್ಬಳ್ಳಿ, ಬಳ್ಳಾರಿ, ಬೊಂಬಾಯಿ,
ತೂತಿಗೆ ಕಾರ್ಡು ಚುಚ್ಚಿ ಊರಿಗೆ ಊರು ಗಂಟು ಹಾಕಿದವಳು.
ಒಂದು ತಂತಿ ಕೂಡಿಸಲು ಬರಲಿಲ್ಲವೇ?

ಫೋನ್ ಮಾಡಿದೆ. ಇಲಿಯಾಸನದು ಒಂದೇ ಪ್ರಶ್ನೆ:
'ತುದಿ ಕೆರೆದ್ರಾ?'
ಆ ಹೊಳಪು ತಾಮ್ರದ್ದಲ್ಲವಂತೆ,
ಮೇಲೆ ಬಳಿದ ವಾರ್ನಿಷ್‌ನದಂತೆ.
ಹೊಳೆಯುವುದೇ ಅಡ್ಡಿ.

ಬ್ಲೇಡಿನಲ್ಲಿ ಕೆರೆದೆ, ಬೆರಳೂ ಒಂಚೂರು ತರಚಿತು.
ಒಳಗಿನ ತಾಮ್ರಕ್ಕೆ ಕೂಸಿನ ಒಸಡಿನ ಬಣ್ಣ.

ಈಗ ಬಂತು. ಬಂದದ್ದು ನಮ್ಮ ಬೀದಿಯೇ.
ಎದುರುಮನೆಯ ಎಲ್‌ಇಡಿ ಬಲ್ಬು, ಮೂಲೆಯವರ ಚಾರ್ಜರು,
ಯಾರದೋ ಮಿಕ್ಸಿಯಲ್ಲಿ ನುರಿವ ಚಟ್ನಿ,
ಎಲ್ಲ ಒಂದೇ ಗಂಟಲಲ್ಲಿ ಗೊರ್ ಗೊರ್.
ಇಷ್ಟಕ್ಕೆ ತಂತಿ ಯಾಕೆ ಬೇಕಿತ್ತು,
ಬಾಗಿಲು ತೆಗೆದಿದ್ದರೆ ಸಾಕಿತ್ತು.

ಎಂಟೂ ಇಪ್ಪತ್ತಕ್ಕೆ ಕರೆಂಟ್ ಹೋಯಿತು.
ಬೀದಿಗೆ ಬೀದಿಯೇ 'ಹೋ' ಎಂದಿತು.
ಕೆಳಗಿನವರ ಯುಪಿಎಸ್ ಹೋದ ವಾರವೇ ಸತ್ತಿತ್ತು, ನನ್ನ ಪುಣ್ಯ.
ನನ್ನದು ಮೂರು ಸೆಲ್ಲಿನ ರೇಡಿಯೋ.
ಗೊರ್ ನಿಂತಿತು,
ಸೊಳ್ಳೆಪರದೆ ಎತ್ತಿದ ಹಾಗೆ.
ಅಲ್ಲಿ ಒಬ್ಬ ಹೆಂಗಸು.

ಯಾವ ಭಾಷೆಯೋ. ಏನೋ ಓದುತ್ತಿದ್ದಾಳೆ,
ಹವೆಯೋ, ಹತ್ತಿಯ ದರವೋ, ಅಂಕಿ ಅಂಕಿಯಾಗಿ.
ಸಾಲು ಮುಗಿದಾಗೆಲ್ಲ ಉಸಿರೆಳೆದುಕೊಳ್ಳುತ್ತಾಳೆ.
ದನಿ ಬರುತ್ತದೆ, ಹೋಗುತ್ತದೆ,
ಜೋಕಾಲಿಯಲ್ಲಿ ಕೂತು ಓದುತ್ತಿರುವಂತೆ.
ಒಮ್ಮೆ ಕೆಮ್ಮಿದಳು.
ಕ್ಷಮೆ ಕೇಳಿದಳೆಂದು ಕಾಣುತ್ತದೆ.

ಬೋರ್ಡಿನಲ್ಲಿ ನಮಗೊಂದು ನಿಯಮ:
ಆ ಕಡೆಯ 'ಹಲೋ' ಕೇಳಿದ ಕೂಡಲೇ ಕೀ ಎತ್ತಬೇಕು.
ಹೆರಿಗೆ, ಹೆಣ, ಹೆಣ್ಣು ನೋಡುವ ಮಾತು, ಕೋರ್ಟಿನ ತಾರೀಖು,
ಎಲ್ಲದರ ಮೊದಲ ಹಲೋ ಮಾತ್ರ ನನ್ನ ಪಾಲು.
ಆಮೇಲೆ ಏನಾಯಿತೆಂದು ಯಾರೂ ಹೇಳಲಿಲ್ಲ,
ಹೇಳಬೇಕಾಗಿಯೂ ಇರಲಿಲ್ಲ.

ಈಕೆಯ ಹಲೋ ತಪ್ಪಿಹೋಯಿತು.
ಆಮೇಲಿನದು ಸಿಕ್ಕಿದೆ.
ತಿಳಿಯದಿದ್ದರೇನು,
ಕಿವಿ ತೆಗೆ ಎಂದು ಬೆನ್ನ ಹಿಂದೆ ಬಂದು ನಿಲ್ಲಲು
ಸೂಪರ್‌ವೈಸರ್ ರಾಜಲಕ್ಷ್ಮಮ್ಮ ಇಲ್ಲ.

ಪಡುವಣಕ್ಕೆ ಮಿಂಚಿತು.
ಏಪ್ರಿಲ್ ಗುಡುಗನ್ನು ನಂಬಬೇಡಿ ಎಂದು
ಇಲಿಯಾಸ್ ಅದನ್ನೂ ಹೇಳಿದ್ದ.
ಮಾತಿನ ನಡುವೆಯೇ ತಂತಿ ಬಿಚ್ಚಿ
ಕೆರೆದ ತುದಿಯನ್ನು ಹಾರ್ಲಿಕ್ಸ್ ಬಾಟಲಿಗಿಳಿಸಿ
ಕಿಟಕಿಯ ಹೊರಗಿಟ್ಟೆ.
ಕರೆಂಟ್ ಬಂತು. ಬೀದಿ ಮತ್ತೆ 'ಹೋ'.

ಮಳೆ ಬರಲಿಲ್ಲ. ನಡುರಾತ್ರಿ ಎದ್ದು ನೋಡಿದೆ.
ಅವಳಿನ್ನೂ ಓದುತ್ತಿದ್ದರೆ
ಆ ಬಾಟಲಿಯೊಳಗೆ ಓದುತ್ತಿದ್ದಾಳೆ.

ಬೆಳಿಗ್ಗೆ ತಂತಿಯ ಈ ತುದಿಯಲ್ಲಿ
ಸೆಲ್ವಮೇರಿಯ ಎರಡು ಲಂಗ.
ಕೇಳಿದ್ದಕ್ಕೆ,
'ನೀವೇನೂ ಹಾಕಿರ್ಲಿಲ್ವಲ್ಲಾ ಅಕ್ಕಾ, ಖಾಲಿ ಇತ್ತು.'